ಬಲಗಡೆಯ ಗೆರೆ

ಜನವರಿ ೧೨

ನನ್ನ ಬಾಯಿಬಡುಕಿ ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದ.

ಕಾಗದದ ಮೊದಲ ಸಾಲಿನಲ್ಲಿ ‘ನಾನು ಕ್ಷೇಮ’ ಎಂದು ಬರೆಯಬೇಕೆಂದು ನಮ್ಮ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನಾಲ್ಕನೇ ತರಗತಿಯವರೆಗೆ ಕಲಿತದ್ದರಲ್ಲಿ ನೆನಪಿರುವುದು ಅದೊಂದೇ. ಆದರೆ ಸುಳ್ಳು ಬರೆಯಲಾರೆ. ಈಗ ನಾನು ಮುಕ್ಕಾಲು ಕ್ಷೇಮ. ಎಡಗಣ್ಣಿನ ಪೊರೆ ತೆಗೆದಿದ್ದಾರೆ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದೇನೆ, ನೋಡಿದವರು ಯಾವ ಊರಿನ ಪತ್ತೇದಾರಿ ಎಂದು ಕೇಳಬೇಕು. ಆ ಡಾಕ್ಟರು ಮೀಸೆ ಸರಿಯಾಗಿ ಬಾರದ ಹುಡುಗ. “ಅಜ್ಜೀ, ಬಗ್ಗಬೇಡಿ, ಭಾರ ಎತ್ತಬೇಡಿ, ಅಳಬೇಡಿ” ಅಂದ. “ಅಳೋದು ನಂಗೆ ಬರಲ್ಲಪ್ಪಾ, ಅಳಿಸೋದು ಬರುತ್ತೆ. ಅದಕ್ಕೂ ಪಥ್ಯ ಇದೆಯಾ?” ಅಂದೆ. ಅವನು ಚೀಟಿಯ ಮೇಲೆ ಇನ್ನೊಂದು ಔಷಧಿ ಬರೆದುಕೊಟ್ಟ.

ನೀನು ಕಳಿಸಿದ ಬಗ್ಗುವ ಸ್ಕೇಲು ಬಂತು. ಪೊಟ್ಟಣ ಬಿಚ್ಚಿದಾಗ ಹಾವಿನ ಮರಿ ಎಂದುಕೊಂಡು ಕೈ ಹಿಂದೆ ತೆಗೆದೆ. ರಬ್ಬರಿನ ಒಳಗೆ ಸೀಸದ ಕಂಬಿ ಇದೆಯೆಂದು ಬರೆದಿದ್ದೀಯಲ್ಲ, ಅದಕ್ಕೇ ಅಷ್ಟು ಭಾರ. ಬಗ್ಗಿಸಿದ ಕಡೆ ಬಗ್ಗುತ್ತದೆ, ಬಿಟ್ಟ ಮೇಲೂ ಅಲ್ಲೇ ನಿಲ್ಲುತ್ತದೆ. ನಿಮ್ಮ ತಾತನಿಗೆ ಇದರಲ್ಲಿ ಕಾಲು ಭಾಗ ಗುಣ ಇದ್ದಿದ್ದರೆ ನನ್ನ ಗಂಟಲು ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಇಷ್ಟು ವರ್ಷ ಕೌದಿಯ ಮೇಲೆ ಅಲೆ ಬರೆಯಬೇಕಾದರೆ ತಟ್ಟೆ, ಬಟ್ಟಲು, ಪಾತ್ರೆಯ ಮುಚ್ಚಳ ಇಟ್ಟು ಬರೆಯುತ್ತಿದ್ದೆ. ನನ್ನ ಕೌದಿಗಳೆಲ್ಲ ಅಡುಗೆಮನೆಯ ವಂಶದವು. ಈಗ ಈ ಹಾವನ್ನು ಬಟ್ಟೆಯ ಮೇಲೆ ಮಲಗಿಸಿ ಸೀಮೆಸುಣ್ಣ ಎಳೆದರೆ, ಯಾವ ಮುಚ್ಚಳಕ್ಕೂ ಗೊತ್ತಿಲ್ಲದ ತಿರುವು ಬರುತ್ತದೆ. ಹಳೇ ಅಂಗಿಯೊಂದರ ಕತ್ತಿನ ಸುತ್ತಲೂ ಅದನ್ನು ಹಿಡಿದು, ಕಾಗದಕ್ಕೆ ಇಳಿಸಿ, ಹೊಸ ಬಟ್ಟೆ ಕತ್ತರಿಸಿದೆ. ಮೊದಲ ಸಲ ಸ್ಕೇಲನ್ನು ಮಗುಚಿ ಇಟ್ಟುಬಿಟ್ಟಿದ್ದೆ, ಎಡಗಡೆಯದು ಬಲಗಡೆಗೆ ಹೋಯಿತು. ಕಲಿತೆ. ಎರಡನೇ ಸಲ ಕತ್ತು ಕತ್ತಿನ ಹಾಗೇ ಬಂತು.

ನಿಮ್ಮಮ್ಮ ನನ್ನ ಕಣ್ಣಿನ ಆಪರೇಷನ್ನಿಗೆ ಬರುತ್ತೇನೆಂದವಳು ಬರಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಅಂದಳು. ಇರಲಿ, ಅವಳ ತರಗತಿಯ ಮಕ್ಕಳಿಗೆ ಅಕ್ಷರ ಬಂದರೆ ಸಾಕು, ನನ್ನ ಕಣ್ಣಿಗೇನು. ಆದರೆ ಫೋನಿನಲ್ಲಿ ಅವಳ ದನಿ ಸಣ್ಣಗಿತ್ತು. ಫೋನಿನಲ್ಲಿ ನನಗೆ ಅರ್ಧ ಕೇಳುತ್ತದೆ, ಉಳಿದರ್ಧ ನಾನೇ ಸೇರಿಸಿಕೊಳ್ಳುತ್ತೇನೆ. ಆದ್ದರಿಂದ ಕಾಗದ ಬರೆ. ಅವಳು ಸರಿಯಾಗಿ ಉಣ್ಣುತ್ತಾಳಾ?

ಇಂತಿ ನಿನ್ನ ಅಜ್ಜಿ


ಫೆಬ್ರುವರಿ ೨

ಪ್ರೀತಿಯ ಅಜ್ಜಿಗೆ,

ಪತ್ತೇದಾರಿ ಅಜ್ಜಿಯ ಕಾಗದ ಓದಿ ಆಫೀಸಿನಲ್ಲೇ ನಕ್ಕುಬಿಟ್ಟೆ. ರಸ್ತೆಯ ನಕ್ಷೆ ಬರೆಯುವವರು ನಗಬಾರದು ಎನ್ನುವ ಹಾಗೆ ಪಕ್ಕದ ಮೇಜಿನವರು ನೋಡಿದರು.

ಅಮ್ಮ ಉಣ್ಣುತ್ತಾಳೆ. ಸ್ವಲ್ಪ ಸುಸ್ತು. ಪರೀಕ್ಷೆ ಮುಗಿದ ಮೇಲೆ ರಜೆ ಹಾಕಿ ಮನೆಯಲ್ಲೇ ಇದ್ದಾಳೆ.

ಅಜ್ಜೀ, ನಿನ್ನ ಕಣ್ಣಿಗೆ ತೊಂದರೆ ಇಲ್ಲದಿದ್ದರೆ ಅಮ್ಮನಿಗೊಂದು ಅಂಗಿ ಹೊಲಿದುಕೊಡುತ್ತೀಯಾ? ಶಾಲೆಗೆ ಹಾಕಿಕೊಂಡು ಹೋಗುವಂಥದ್ದು. ಅವಳಿಗೆ ದರ್ಜಿಯ ಹತ್ತಿರ ಹೋಗುವುದು ಬೇಡವಂತೆ. ಅಳತೆಯನ್ನು ನಾನೇ ತೆಗೆದಿದ್ದೇನೆ. ಸುತ್ತಳತೆಗಳನ್ನು ಚೀಟಿಯಲ್ಲಿ ಬರೆದಿದ್ದೇನೆ. ಅದರ ಜೊತೆಗೆ ಎರಡು ಬಗ್ಗುವ ಸ್ಕೇಲುಗಳನ್ನು ಕತ್ತಿನ ಕೆಳಗಿನ ಮೂಳೆಯಿಂದ ಸೊಂಟದವರೆಗೆ ಮೈಮೇಲೆ ಒತ್ತಿ ಹಿಡಿದು, ಅದೇ ಆಕಾರದಲ್ಲಿ ರಟ್ಟಿಗೆ ದಾರದಿಂದ ಹೊಲಿದು ಕಳಿಸುತ್ತಿದ್ದೇನೆ. ಒಂದು ಎಡಗಡೆಯದು, ಒಂದು ಬಲಗಡೆಯದು. ರಟ್ಟಿನ ಮೇಲೆ ಬರೆದಿದ್ದೇನೆ.

ದಯವಿಟ್ಟು ದಾರ ಬಿಚ್ಚಬೇಡ. ಇದ್ದ ಹಾಗೇ ಇಟ್ಟು ಗೆರೆ ಎಳೆದುಕೋ.

ನಿನ್ನ ಮೊಮ್ಮಗಳು


ಫೆಬ್ರುವರಿ ೨೧

ಮೊಮ್ಮಗಳೇ,

ನಿನ್ನ ಪೊಟ್ಟಣದ ದೆಸೆಯಿಂದ ನಾನು ಅಂಚೆ ಕಚೇರಿಯಲ್ಲಿ ಜಗಳವಾಡಿ ಬಂದೆ. ಮೊದಲು ಅದನ್ನು ಕೇಳು.

ಎಡಗಡೆಯ ರಟ್ಟು ಚೆನ್ನಾಗಿತ್ತು. ಗೆರೆ ನೋಡಿದ ಕೂಡಲೇ ನನ್ನ ಮಗಳೇ ಎದುರು ನಿಂತ ಹಾಗಾಯಿತು. ಬಲಗಡೆಯದನ್ನು ನೋಡುತ್ತೇನೆ, ನೆಟ್ಟಗೆ ಮಲಗಿದೆ! ಮೇಲೆ ಸ್ವಲ್ಪ ಒಳಗೆ ಹೋಗಿದೆ, ಆಮೇಲೆ ಹೊಲದ ಬದುವಿನ ಹಾಗೆ ಸೀದಾ ಸೊಂಟಕ್ಕೆ. ಯಾವನೋ ನನ್ನ ಮಗಳ ಮೇಲೆ ಗೋಣಿಚೀಲ ಎಸೆದಿದ್ದಾನೆ ಎಂದು ಹೊಟ್ಟೆ ಉರಿಯಿತು. ರಟ್ಟು ಹಿಡಿದುಕೊಂಡು ಹೋದೆ.

“ಇದೇನ್ರೀ, ಬಗ್ಗಿದ್ದನ್ನ ನೆಟ್ಟಗೆ ಮಾಡಿ ಕೊಡೋದು ಯಾವಾಗಿಂದ ಶುರು ಮಾಡಿದ್ರಿ?” ಅಂದೆ.

ಕಿಟಕಿಯ ಒಳಗಿದ್ದವರು ರಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಅಮ್ಮಾ, ಪೊಟ್ಟಣಕ್ಕೆ ಒಂದು ಗೀರೂ ಬಿದ್ದಿಲ್ಲ.”

“ಒಳಪೆಟ್ಟಿಗೆ ಗೀರು ಬೀಳುತ್ತೇನ್ರೀ? ನೀವು ಯಾರ ಹತ್ತಿರಾನೂ ಏಟು ತಿಂದಿಲ್ಲ ಅನ್ಸುತ್ತೆ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು. ನನಗೆ ನಗು ಬರಲಿಲ್ಲ, ಆದರೆ ಕೂರಲು ಸ್ಟೂಲು ಕೊಟ್ಟು ನೀರು ತಂದುಕೊಟ್ಟರು, ಹಾಗಾಗಿ ಬಿಟ್ಟು ಬಂದೆ.

ಆಮೇಲೆ ನಾನೇ ಸರಿಮಾಡಿಕೊಂಡೆ. ದಾರ ಕತ್ತರಿಸಿ, ಬಲಗಡೆಯ ಸ್ಕೇಲನ್ನು ಎಡಗಡೆಯದರ ಪಕ್ಕ ಇಟ್ಟು ಅದರ ಹಾಗೇ ಬಗ್ಗಿಸಿದೆ. ದಾರ ಬಿಚ್ಚಬೇಡ ಅಂತ ನೀನು ಬರೆದಿದ್ದೆ, ಗೊತ್ತು. ನೀನು ಹುಟ್ಟುವ ಮೊದಲಿಂದ ನಾನು ಬಟ್ಟೆ ಕತ್ತರಿಸುತ್ತಿದ್ದೇನೆ. ನಿನ್ನಮ್ಮನ ಮೈ ನನಗೆ ಗೊತ್ತಿಲ್ಲವಾ, ನನ್ನ ಹೊಟ್ಟೆಯಲ್ಲೇ ಹೊಲಿದದ್ದು ಅದು. ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಒಂದೇ ಗೆರೆಯಲ್ಲಿ ಎರಡೂ ಕಡೆ ಕತ್ತರಿಸಿದೆ. ಎದೆಯ ಉಬ್ಬಿಗೆ ಬಟ್ಟೆ ಮಡಿಸಿ ಹಿಡಿಯುವ ಟಕ್ಸ್ ಎಷ್ಟು ಚೆನ್ನಾಗಿ ಕೂತಿದೆ ಎಂದರೆ, ಅಂಗಿಯನ್ನು ಗೂಟಕ್ಕೆ ತಗುಲಿಹಾಕಿದರೂ ಒಳಗೆ ಯಾರೋ ಇದ್ದ ಹಾಗೆ ಕಾಣುತ್ತದೆ.

ನೀಲಿ ಬಣ್ಣದ್ದು. ಇದರ ಜೊತೆಗೇ ಕಳಿಸಿದ್ದೇನೆ. ಹಾಕಿಕೊಂಡು ಅವಳು ಏನಂದಳು, ಅವಳ ಮಾತಿನಲ್ಲೇ ಬರೆ. ನಿನ್ನ ಸಕ್ಕರೆ ಸೇರಿಸಬೇಡ.

ಅಜ್ಜಿ


ಮಾರ್ಚ್ ೬

ಪ್ರೀತಿಯ ಅಜ್ಜಿಗೆ,

ಅಂಗಿ ಬಂತು. ತುಂಬಾ ಚೆನ್ನಾಗಿದೆ. ನೀಲಿ ಅಮ್ಮನಿಗೆ ಒಪ್ಪುತ್ತದೆ. ಜೋಪಾನವಾಗಿ ತೆಗೆದಿಟ್ಟಿದ್ದಾಳೆ.

ಆಫೀಸಿನಲ್ಲಿ ಕೆಲಸ ಹೆಚ್ಚು. ಆಮೇಲೆ ಬರೆಯುತ್ತೇನೆ.

ಮೊಮ್ಮಗಳು


ಮಾರ್ಚ್ ೧೧

ಮೊಮ್ಮಗಳೇ,

ಇದು ಕಾಗದವಾ, ಔಷಧಿ ಸೀಸೆಯ ಚೀಟಿಯಾ? ಕುಲುಕಿ ನೋಡಿದೆ, ಇನ್ನೇನೂ ಉದುರಲಿಲ್ಲ.

‘ಜೋಪಾನವಾಗಿ ತೆಗೆದಿಟ್ಟಿದ್ದಾಳೆ.’ ಯಾರು, ನಿನ್ನಮ್ಮನಾ? ಹೊಸ ಬಟ್ಟೆ ಕಂಡರೆ ಗುಂಡುಸೂಜಿ ತೆಗೆಯುವ ಮೊದಲೇ ತಲೆ ತೂರಿಸಿಕೊಂಡು ಬೀದಿಗೆ ಓಡುತ್ತಿದ್ದವಳು ಅವಳು. ದೊಡ್ಡವಳಾಗಿ ಟೀಚರಾದ ಮೇಲೂ ಆ ಬುದ್ಧಿ ಹೋಗಲಿಲ್ಲ. ಇಲ್ಲಿಗೆ ಬಂದಾಗ ಅಂಚು ಮಡಿಚದ ಅಂಗಿ ಹಾಕಿಕೊಂಡು ಅಂಗಡಿಗೆ ಹೋಗಿದ್ದಳು, ಹಿಂದೆ ದಾರ ನೇತಾಡುತ್ತಿತ್ತು. ಅಂಥವಳು ತೆಗೆದಿಡುತ್ತಾಳೆಂದರೆ ಅಂಗಿಯಲ್ಲಿ ತಪ್ಪಿದೆ, ಇಲ್ಲ ನಿನ್ನ ಮಾತಿನಲ್ಲಿ ತಪ್ಪಿದೆ. ಅಂಗಿಯಲ್ಲಿ ತಪ್ಪಿಲ್ಲ.

ನನ್ನ ಮೇಲೆ ಸಿಟ್ಟಾ ಅವಳಿಗೆ? ಆಪರೇಷನ್ನಿಗೆ ಬರಲಿಲ್ಲವೆಂದು ನಾನು ಫೋನಿನಲ್ಲಿ ಏನೋ ಅಂದಿರಬೇಕು. ನನ್ನ ನಾಲಿಗೆಗೆ ನಾನೇ ಕಾವಲು ಕೂರಲು ಆಗುವುದಿಲ್ಲವೆಂದು ಅವಳಿಗೆ ಗೊತ್ತು. ಸಿಟ್ಟಿದ್ದರೆ ಬೈಯಲು ಹೇಳು. ಬೈಗುಳ ಬಂದರೆ ಬಡಿಸಿದ ಊಟದ ಹಾಗೆ ಕೂತು ಉಣ್ಣುತ್ತೇನೆ.

ಅಜ್ಜಿ


ಮಾರ್ಚ್ ೧೫

ಮಗೂ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ನಿನ್ನ ರಟ್ಟುಗಳನ್ನು ನಾನು ಎಸೆದಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಿಸಿ ಕೊಟ್ಟಿದ್ದೆ. ಇವತ್ತು ಕಸ ಗುಡಿಸುವಾಗ ಬಲಗಡೆಯ ರಟ್ಟು ಹೊರಗೆ ಬಂತು. ಕೈಗೆತ್ತಿಕೊಂಡೆ. ಸ್ಕೇಲು ಕೂತಿದ್ದ ಗೆರೆಯುದ್ದಕ್ಕೂ ನೀನು ಸೂಜಿಯಿಂದ ಮಾಡಿದ ತೂತುಗಳು, ಹಿಂದೆ ಹಾಕಿದ ಗಂಟುಗಳು. ನನ್ನ ಕತ್ತರಿ ದಾರವನ್ನಷ್ಟೇ ಕತ್ತರಿಸಿತ್ತು, ಗಂಟುಗಳು ಇನ್ನೂ ಅಲ್ಲೇ ಕೂತಿದ್ದವು. ಒಂದೂ ಸಡಿಲವಾಗಿಲ್ಲ. ಒಂದು ತೂತೂ ಹರಿದಿಲ್ಲ.

ಪೆಟ್ಟು ಬಿದ್ದು ಸ್ಕೇಲು ನೆಟ್ಟಗಾಗಿದ್ದರೆ ದಾರ ಜಗ್ಗಿ ರಟ್ಟು ಹರಿಯಬೇಕಿತ್ತು. ಹೊಲಿಗೆಯವಳಾಗಿ ಇಷ್ಟು ತಿಳಿಯಲಿಲ್ಲವಲ್ಲ ನನಗೆ. ಅಂಚೆಯವರ ಮೇಲೆ ಹಾರಾಡಿದ್ದೊಂದೇ ಬಂತು.

ಗಂಟಿನಿಂದ ಗಂಟಿಗೆ ಬೆರಳಾಡಿಸಿದೆ. ಮೇಲೆ ಕಂಕುಳ ಕಡೆ ಒಂದು ತಗ್ಗು. ಆಮೇಲೆ ಏನೂ ಇಲ್ಲ. ಮತ್ತೆ ಆಡಿಸಿದೆ. ಏನೂ ಇಲ್ಲ.

ನೀನು ಗೆರೆ ತಪ್ಪಿ ಹಿಡಿಯುವವಳಲ್ಲ.

ಪಕ್ಕದ ಮನೆಯವಳು ಯಾವುದೋ ಬಟ್ಟಲು ಕೇಳಲು ಬಂದಿದ್ದಳು. “ಯಾಕಜ್ಜಿ, ನೆಲದ ಮೇಲೆ ಕೂತಿದ್ದೀರಾ, ಬಿದ್ರಾ?” ಅಂದಳು. “ಕಸ ಗುಡಿಸ್ತಿದ್ದೆ ಕಣೆ, ಕೂತು ಗುಡಿಸಬಾರದು ಅಂತ ಕಾನೂನಿದೆಯಾ?” ಅಂದೆ. ಬಟ್ಟಲು ಕೊಟ್ಟು ಕಳಿಸಿದೆ. ಯಾವ ಬಟ್ಟಲು ಕೊಟ್ಟೆನೋ ಗೊತ್ತಿಲ್ಲ.

ನಿನ್ನಮ್ಮ ನಿನ್ನ ಬಾಯಿಗೆ ಬೀಗ ಹಾಕಿದ್ದಾಳೆ, ಅಲ್ಲವಾ? ಹಾಕಿದ್ದರೆ ಹಾಕಿರಲಿ, ನೀನು ಮಾತು ಮುರಿಯಬೇಡ. ನಾನು ಕೇಳುವುದು ಹೊಲಿಗೆಯವರು ಕೇಳುವ ಮಾತುಗಳು ಮಾತ್ರ. ಅಷ್ಟಕ್ಕೆ ಉತ್ತರ ಬರೆ.

ಗಾಯ ಆರಿದೆಯಾ? ಅದರ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ? ನನ್ನ ಹೊಲಿಗೆ ಅದರ ಮೇಲೆ ಬರಬಾರದು. ಬಲಗೈ ಎಷ್ಟು ಮೇಲೆ ಏಳುತ್ತದೆ? ಬೋರ್ಡಿನ ಮೇಲೆ ಬರೆಯಬೇಕಲ್ಲ ಅವಳು.

ನೋವಿದೆಯಾ?

ಅಜ್ಜಿ


ಮಾರ್ಚ್ ೨೨

ಅಜ್ಜೀ,

ನಿನ್ನ ಕಾಗದವನ್ನು ಬಸ್ ನಿಲ್ದಾಣದಲ್ಲಿ ನಿಂತು ಓದಿದೆ. ಮೂರು ಬಸ್ಸು ಹೋದವು.

‘ಅಜ್ಜಿಗೆ ಹೇಳಬಾರದು’ ಎಂದು ಅಮ್ಮ ಪ್ರಮಾಣ ಮಾಡಿಸಿಕೊಂಡಿದ್ದಳು. ಸ್ಕೇಲು ಬಗ್ಗಿಸಿ ಕಳಿಸಬಾರದು ಎಂದಿರಲಿಲ್ಲ. ನೀನು ನೋಡಿದ ಕೂಡಲೇ ತಿಳಿದುಕೊಳ್ಳುತ್ತೀ ಎಂದುಕೊಂಡಿದ್ದೆ. ನೀನು ಅಂಚೆ ಕಚೇರಿಗೆ ಹೋಗುತ್ತೀ ಎಂದು ನನಗೇನು ಗೊತ್ತು!

ಈಗ ಎಲ್ಲ ಬರೆಯುತ್ತೇನೆ. ಬಲ ಎದೆಯಲ್ಲಿ ಗಡ್ಡೆ ಇತ್ತು. ಕ್ಯಾನ್ಸರ್ ಎಂದರು. ನಿನ್ನ ಕಣ್ಣಿನ ಆಪರೇಷನ್ ಆದ ವಾರವೇ ಅಮ್ಮನದೂ ಆಯಿತು, ಎದೆಯನ್ನು ಪೂರ್ತಿ ತೆಗೆದರು. ಬೇಗನೇ ಗೊತ್ತಾಯಿತು, ಬೇರೆ ಕಡೆ ಹರಡಿಲ್ಲ, ಇನ್ನು ಮಾತ್ರೆಗಳು ಸಾಕು ಎಂದಿದ್ದಾರೆ ಡಾಕ್ಟರು. ಅವರು ಹೇಳಿದ್ದನ್ನೇ ಬರೆದಿದ್ದೇನೆ, ನನ್ನ ಸಕ್ಕರೆ ಸೇರಿಸಿಲ್ಲ. ‘ಅವಳ ಕಣ್ಣು ಹಸಿಯಿದೆ, ಅಳಬಾರದು ಅಂತ ಹೇಳಿದ್ದಾರೆ, ಈಗ ಹೇಳಿದರೆ ಕಣ್ಣು ಹೋಗುತ್ತೆ’ ಎಂದು ಅಮ್ಮ ನನ್ನ ಬಾಯಿ ಕಟ್ಟಿದಳು. ಆಮೇಲೆ ನಿನ್ನ ಕಣ್ಣು ವಾಸಿಯಾಯಿತು. ಆದರೂ ಹೇಳಲು ಬಿಡಲಿಲ್ಲ.

ಗಾಯ ಆರಿದೆ. ಗೆರೆ ಎದೆಯ ನಡುವಿನಿಂದ ಓರೆಯಾಗಿ ಕಂಕುಳವರೆಗೆ ಹೋಗಿದೆ. ಬಲಗೈ ಕಿವಿಯ ಮಟ್ಟಕ್ಕೆ ಏಳುತ್ತದೆ, ಅದಕ್ಕಿಂತ ಮೇಲೆ ಕಷ್ಟ. ನೋವು ಕಡಿಮೆ. ಬಟ್ಟೆ ಉಜ್ಜಿದರೆ ಉರಿ.

ಆಸ್ಪತ್ರೆಯವರು ಒಳಗೆ ಇಟ್ಟುಕೊಳ್ಳಲು ಮೆತ್ತೆಯೊಂದನ್ನು ಕೊಟ್ಟಿದ್ದಾರೆ. ಅದು ಬೆವರಿಗೆ ಜಾರುತ್ತದೆ. ಒಮ್ಮೆ ಅಂಗಡಿಯಲ್ಲಿ ಜಾರಿ ಹೊಟ್ಟೆಯ ಹತ್ತಿರ ಬಂತು. ಯಾರೂ ನೋಡಲಿಲ್ಲ ಎಂದೆ. ಅವತ್ತಿನಿಂದ ಅವಳು ಹೊರಗೆ ಹೋಗಿಲ್ಲ.

ಅಳತೆ ತೆಗೆಯುವಾಗ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದಳು. “ಎಡದ್ದು ಮಾತ್ರ ತಗೊಂಡು ಕಳಿಸು, ಎರಡೂ ಒಂದೇ ಅಂದ್ಕೋತಾಳೆ” ಅಂದಳು. “ಎರಡೂ ಬದಿ ಅಳೀದೆ ನಾವು ರಸ್ತೆ ಬರೆಯಲ್ಲಮ್ಮಾ” ಎಂದು ಬಲಗಡೆಯದನ್ನೂ ಹಿಡಿದೆ. ಅದನ್ನು ನಿನಗೆ ಕಳಿಸಿದ್ದು ಅವಳಿಗೆ ಗೊತ್ತಿಲ್ಲ.

ನಿನ್ನ ನೀಲಿ ಅಂಗಿ ಅವಳು ಕೇಳಿದ ಹಾಗೇ ಬಂತು, ಅಜ್ಜಿ. ಹಾಕಿಕೊಂಡಳು. ಕನ್ನಡಿಯ ಮುಂದೆ ನಿಂತಳು. ಬಲಗಡೆ ಬಟ್ಟೆ ಖಾಲಿ ಚೀಲದ ಹಾಗೆ ಒಳಗೆ ಕುಸಿಯಿತು. ಕರವಸ್ತ್ರ ಮಡಿಸಿ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಆಮೇಲೆ ನಕ್ಕು, “ನಿನ್ನಜ್ಜಿ ನನ್ನನ್ನ ಹಳೇ ಅಳತೇಲೇ ಇಟ್ಟುಕೊಂಡಿದ್ದಾಳೆ ನೋಡು” ಅಂದಳು. ಬಿಚ್ಚಿ ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಶಾಲೆಗೆ ರಾಜೀನಾಮೆ ಬರೆದಿಟ್ಟಿದ್ದಾಳೆ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಕೊಡುತ್ತಾಳಂತೆ. ಮಕ್ಕಳ ಎದುರು ನಿಲ್ಲಲು ಆಗುವುದಿಲ್ಲವಂತೆ. ಅಜ್ಜೀ, ಆ ಶಾಲೆ ಬಿಟ್ಟರೆ ಅವಳು ಈ ಎರಡು ಕೋಣೆಗಳಿಂದ ಹೊರಗೆ ಬರುವುದೇ ಇಲ್ಲ.

ನೀನು ಗಂಟುಮೂಟೆ ಕಟ್ಟಿ ಹೊರಟುಬಿಡಬೇಡ. ಅವಳು ಬಾಗಿಲು ತೆರೆಯುತ್ತಾಳೋ ಇಲ್ಲವೋ ನನಗೇ ಗೊತ್ತಿಲ್ಲ.

ಮೊಮ್ಮಗಳು


ಏಪ್ರಿಲ್ ೮

ನನ್ನ ಚಿನ್ನದಂಥ ಮೊಮ್ಮಗಳಿಗೆ,

ಹೊರಟಿದ್ದೆ. ಸುಳ್ಳೇಕೆ ಹೇಳಲಿ. ಚೀಲಕ್ಕೆ ಎರಡು ಸೀರೆ, ಕಣ್ಣಿನ ಔಷಧಿ ಹಾಕಿಕೊಂಡು ಬಾಗಿಲಿಗೆ ಬೀಗ ಹಾಕಿದ್ದೆ. ಮೆಟ್ಟಿಲಿಳಿಯುವಾಗ ಯೋಚನೆ ಬಂತು. ಕರೆಯದೆ ಹೋದರೆ ನೋಡಲು ಹೋದ ಹಾಗಾಗುತ್ತದೆ. ಊರಿನವರು ನೋಡಲು ಬರುತ್ತಾರಲ್ಲ, ಬಾಗಿಲಲ್ಲೇ ನಿಂತು ಅಯ್ಯೋ ಎನ್ನುವವರು, ಅವರಲ್ಲಿ ನಾನೂ ಒಬ್ಬಳಾಗುತ್ತೇನೆ. ಕರೆದ ಮೇಲೆ ಹೋದರೆ ಅವಳ ಜೊತೆ ಇರಲು ಹೋದ ಹಾಗೆ. ಬೀಗ ತೆಗೆದು ಒಳಗೆ ಬಂದೆ. ಕಾಯುವುದು ನನ್ನ ಜಾತಕದಲ್ಲಿ ಇರಲಿಲ್ಲ, ಹಲ್ಲು ಕಚ್ಚಿಕೊಂಡು ಕೂತಿದ್ದೇನೆ. ಇರುವ ಹಲ್ಲುಗಳಲ್ಲಿ.

ಇದರ ಜೊತೆ ಇನ್ನೊಂದು ಅಂಗಿ ಇದೆ. ಹೇಗೆ ಹೊಲಿದೆನೆಂದು ಬರೆಯುತ್ತೇನೆ. ನೀನಾದರೂ ತಿಳಿದಿರಬೇಕು, ಮುಂದೆ ಬೇಕಾದೀತು.

ಬಲಗಡೆಯ ಸ್ಕೇಲನ್ನು ನಾನೇ ಕೆಡಿಸಿದ್ದೆನಲ್ಲ. ಅವಳನ್ನು ಮತ್ತೆ ಗೋಡೆಗೆ ಮುಖ ಮಾಡಿ ನಿಲ್ಲಿಸುವುದು ಬೇಡವೆಂದು ರಟ್ಟಿನ ತೂತುಗಳನ್ನೇ ಹಿಡಿದು ಹೋದೆ. ತೂತಿನಿಂದ ತೂತಿಗೆ ಸ್ಕೇಲನ್ನು ಒತ್ತುತ್ತಾ ಬಂದೆ. ನೆಟ್ಟಗಾಗಲು ಅದಕ್ಕೂ ಮನಸ್ಸಿರಲಿಲ್ಲ, ನಾನು ಕಲಿಸಿದ ಉಬ್ಬಿಗೇ ಓಡುತ್ತಿತ್ತು. ಹೆಬ್ಬೆರಳಲ್ಲಿ ಸವರಿ ಸವರಿ ಇಳಿಸಿದೆ. ಕೊನೆಗೆ ತೂತುಗಳ ಸಾಲಿಗೆ ಸರಿಯಾಗಿ ಕೂತಿತು.

ಆಮೇಲೆ ಬಟ್ಟೆ ಹಾಸಿದೆ. ಮಡಿಸಲು ಕೈ ತಾನಾಗೇ ಹೋಯಿತು. ನಾನು ಕತ್ತರಿ ಹಿಡಿದಂದಿನಿಂದ ಬಟ್ಟೆಯನ್ನು ಎರಡು ಮಡಿಕೆ ಮಾಡದೆ ಎದೆಯ ಭಾಗ ಕತ್ತರಿಸಿದವಳಲ್ಲ. ಮನುಷ್ಯರ ಎರಡು ಕಡೆಯೂ ಒಂದೇ ಎಂದು ಕೈಗೆ ಅಷ್ಟು ನಂಬಿಕೆ. ಬಿಡಿಸಿ ಹಾಸಿ, ಎಡಕ್ಕೆ ಎಡದ ಗೆರೆ, ಬಲಕ್ಕೆ ಬಲದ ಗೆರೆ, ಬೇರೆ ಬೇರೆ ಎಳೆದೆ. ಬಲಗಡೆ ಟಕ್ಸ್ ಹಾಕಿಲ್ಲ. ಅಲ್ಲಿ ಹಿಡಿಯಲು ಏನೂ ಇಲ್ಲವಲ್ಲ, ಸುಮ್ಮನೆ ಯಾಕೆ ಹಿಡಿಯಲಿ.

ಬರೀ ಬಟ್ಟೆ ಬಿಟ್ಟರೆ ಬಲಗಡೆ ಮತ್ತೆ ಕುಸಿಯುತ್ತದೆ. ಅದಕ್ಕೆ ಕೌದಿಯ ಉಪಾಯ ಮಾಡಿದೆ. ಒಳಗೆ ತೊಳೆದು ತೊಳೆದು ಮೆತ್ತಗಾದ ಹಳೇ ಹೊದಿಕೆಯ ತುಂಡು, ಹೊರಗೆ ಹೊಸ ಬಟ್ಟೆ. ಎರಡನ್ನೂ ಸೇರಿಸಿ ಮೇಲಿಂದ ಸಣ್ಣ ಹೊಲಿಗೆಯ ಅಲೆಗಳು. ಅಲೆ ಎಡ ಹೆಗಲಿನಿಂದ ಶುರುವಾಗಿ ಎದೆಯ ಮೇಲೆ ಇಳಿದು ಬಲಗಡೆ ಸೊಂಟದ ತನಕ ಹರಿಯುತ್ತದೆ. ನಿನ್ನ ಹಾವೇ ಬರೆದದ್ದು. ಹೀಗೆ ಹೊಲಿದ ಬಟ್ಟೆ ತನ್ನಷ್ಟಕ್ಕೆ ತಾನು ನಿಲ್ಲುತ್ತದೆ, ಮೈಮೇಲೆ ಬಿದ್ದು ಒದ್ದಾಡುವುದಿಲ್ಲ. ಉಬ್ಬಿಸಿ ಮೋಸ ಮಾಡಿಲ್ಲ. ಗಾಯದ ಜಾಗದಲ್ಲಿ ಹೊಲಿಗೆ ಕೂಡುವ ಕಡೆಯ ಉಬ್ಬು, ಆ ಏಣು, ಒತ್ತದಂತೆ ಕೂಡಿಕೆಯನ್ನೆಲ್ಲ ಹೊರಗಡೆಗೆ ತಿರುಗಿಸಿ ಮೇಲೆ ಪಟ್ಟಿ ಹೊಲಿದು ಮುಚ್ಚಿದ್ದೇನೆ. ಕಂಕುಳ ಸುತ್ತನ್ನು ಬಲಗಡೆ ಕೊಂಚ ಸಡಿಲ ಬಿಟ್ಟಿದ್ದೇನೆ, ಕೈ ಎತ್ತಿದರೆ ಅಂಗಿ ಜೊತೆಗೆ ಎದ್ದು ಬರುವುದಿಲ್ಲ.

ಒಳಗೆ ಒಂದು ಜೇಬಿದೆ, ಗುಂಡಿ ಇದೆ. ಆ ಮೆತ್ತೆ ಬೇಕೆನಿಸಿದ ದಿನ ಅದರಲ್ಲಿ ಇಟ್ಟು ಗುಂಡಿ ಹಾಕಲಿ, ಎಲ್ಲಿಗೂ ಜಾರುವುದಿಲ್ಲ. ಬೇಡವೆನಿಸಿದ ದಿನ ಬಸ್ಸಿನ ಚಿಲ್ಲರೆ ಇಟ್ಟುಕೊಳ್ಳಲಿ. ಅದು ಅವಳಿಗೆ ಬಿಟ್ಟದ್ದು, ನಿನಗೂ ಅಲ್ಲ, ನನಗೂ ಅಲ್ಲ.

ಒಂದು ಕಡೆ ಹೊಲಿಗೆ ಸೊಟ್ಟಗಿದೆ. ಅದನ್ನು ಬಿಚ್ಚಿ ಮತ್ತೆ ಹಾಕಲಿಲ್ಲ. ಅಲ್ಲಿ ಹೊಲಿಯುವಾಗ ನನಗೆ ಕಾಣುತ್ತಿರಲಿಲ್ಲ. ಯಾಕೆಂದು ಡಾಕ್ಟರಿಗೆ ಹೇಳಬೇಡ.

ನೀನು ಅವಳಿಗೆ ಏನೂ ಹೇಳಬೇಡ. ಮಂಚದ ಮೇಲೆ ಇಟ್ಟು ಆಫೀಸಿಗೆ ಹೋಗು. ಕನ್ನಡಿಯ ಹತ್ತಿರ ಸುಳಿಯಬೇಡ.

ಅಜ್ಜಿ


ಏಪ್ರಿಲ್ ೩೦

ಮೊಮ್ಮಗಳೇ,

ಪೊಟ್ಟಣ ಮುಟ್ಟಿತೋ ಇಲ್ಲವೋ ಎಂದು ನಾನು ಕೇಳುತ್ತಿಲ್ಲ. ಸುಮ್ಮನೆ ಬರೆಯುತ್ತಿದ್ದೇನೆ.

ಅಂಚೆ ಕಚೇರಿಗೆ ದಿನಾ ಹೋಗುತ್ತಿದ್ದೇನೆ. ಮೊನ್ನೆ ಕಿಟಕಿಯ ಒಳಗಿನವರು, “ಅಮ್ಮಾ, ಕಾಗದ ಬಂದ್ರೆ ನಾವೇ ಮನೆಗೆ ತಂದುಕೊಡ್ತೀವಿ, ಅದು ನಮ್ಮ ಕೆಲಸ” ಅಂದರು. “ನಿಮ್ಮ ಕೆಲಸ ನೀವು ಮಾಡಿ, ನನ್ನ ಕೆಲಸ ಬರೋದು” ಅಂದೆ. ಪಾಪ, ಆಗಿದ್ದು ಅವರ ತಪ್ಪಲ್ಲವೆಂದು ಆವತ್ತೇ ಹೇಳಿಬಿಟ್ಟೆ. “ಯಾವುದು ನಮ್ಮ ತಪ್ಪಲ್ಲ?” ಅಂತ ಕೇಳಿದರು. “ಯಾವುದೂ ಅಲ್ಲ ಬಿಡಿ” ಅಂದೆ. ಈಗ ನನಗೆಂದೇ ಸ್ಟೂಲನ್ನು ಕಿಟಕಿಯ ಪಕ್ಕದಲ್ಲೇ ಇಟ್ಟಿದ್ದಾರೆ.

ಪಕ್ಕದ ಮನೆಯವಳು ಮಗಳು ಹೇಗಿದ್ದಾಳೆಂದು ಕೇಳಿದಳು. ಚೆನ್ನಾಗಿದ್ದಾಳೆ ಅಂದೆ. ಅಷ್ಟು ಚಿಕ್ಕ ಉತ್ತರ ನನ್ನ ಬಾಯಿಂದ ಬಂದದ್ದಕ್ಕೆ ಅವಳು ಹೆದರಿ, ಸಂಜೆ ಮತ್ತೆ ಬಂದು ನೋಡಿಕೊಂಡು ಹೋದಳು.

ಕೌದಿ ಹಿಡಿದಿದ್ದೇನೆ, ಮುಂದೆ ಸಾಗುತ್ತಿಲ್ಲ. ಉಬ್ಬಿದ ತುಂಡನ್ನು ತಗ್ಗಿದ ತುಂಡಿಗೆ ಕೂಡಿಸುವ ಜಾಗ. ಎಳೆದರೆ ಸುಕ್ಕಾಗುತ್ತದೆ. ಬಟ್ಟೆ ತಾನಾಗಿ ಬರುವವರೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗಬೇಕು. ಇಷ್ಟು ವರ್ಷದಲ್ಲಿ ನೂರು ಜನಕ್ಕೆ ಇದನ್ನು ಹೇಳಿಕೊಟ್ಟಿದ್ದೇನೆ. ಈಗ ನನ್ನ ಕೈಯೇ ಎಳೆಯುತ್ತದೆ.

ಅವಳು ಉಣ್ಣುತ್ತಾಳಾ? ಅದೊಂದು ಬರೆ. ಬೇರೇನೂ ಬೇಡ.

ಅಜ್ಜಿ


ಮೇ ೧೯

ಅಮ್ಮನಿಗೆ,

ನಿನ್ನ ಮೊಮ್ಮಗಳು ಬರೆಯುತ್ತೇನೆಂದಳು. ಬೇಡ, ನಾನೇ ಬರೆಯುತ್ತೇನೆಂದೆ. ಹಾಗೆಂದು ಎಷ್ಟೋ ದಿನ ಕೂತೆ. ಮಕ್ಕಳಿಗೆ ಕಾಗದ ಬರೆಯುವುದು ಹೇಗೆಂದು ಕಲಿಸುವವಳು, ಮೊದಲ ಸಾಲೇ ಬರಲಿಲ್ಲ.

ಅಂಗಿ ಮಂಚದ ಮೇಲಿತ್ತು. ಮೊದಲು ಮುಟ್ಟಲಿಲ್ಲ. ಇನ್ನೊಂದು ಹಳೇ ಅಳತೆಯದು ಬಂತು ಅಂದುಕೊಂಡೆ. ಮಾರನೆಯ ದಿನ ಎತ್ತಿದಾಗ ಬಲಗಡೆ ಕೈಗೆ ಬೇರೆ ಥರ ಸಿಕ್ಕಿತು. ಹೊದಿಕೆಯ ಬಟ್ಟೆ ಎಂದು ಮುಟ್ಟಿದ ಕೂಡಲೇ ತಿಳಿಯಿತು. ಒಳಗೆ ತಿರುಗಿಸಿ ನೋಡಿದೆ. ಎಲ್ಲೂ ಹೊಲಿಗೆಯ ಒಂದು ಏಣೂ ಇಲ್ಲ. ಆಗ ನಿನಗೆ ಗೊತ್ತಾಗಿದೆ ಎಂದು ತಿಳಿಯಿತು. ಮಗಳ ಮೇಲೆ ಹಾರಾಡಿದೆ. “ನಾನೇನೂ ಹೇಳಿಲ್ಲ, ರಟ್ಟು ಹೇಳ್ತು” ಅಂದಳು. ನಿನ್ನ ಮೊಮ್ಮಗಳಲ್ಲವಾ, ಬಾಯಲ್ಲಿ ಗೆಲ್ಲಲಾಗಲಿಲ್ಲ.

ನಿನ್ನ ಕಣ್ಣಿನ ನೆಪ ಹೇಳಿದ್ದೆ. ಅದು ಒಂದು ವಾರದ ಮಟ್ಟಿಗೆ ನಿಜ. ಆಮೇಲಿನದು ನಾಚಿಕೆ, ಅಮ್ಮಾ. ನೀನು ಕೊಟ್ಟಿದ್ದನ್ನು ಪೂರ್ತಿಯಾಗಿ ಇಟ್ಟುಕೊಳ್ಳಲಾಗಲಿಲ್ಲವೆಂಬ ಹಾಗೆ. ಇದು ಹುಚ್ಚು ಎಂದು ಗೊತ್ತು. ಗೊತ್ತಿದ್ದರೂ ಹೋಗುವುದಿಲ್ಲ.

ನಿನ್ನೆ ಅಂಗಿ ಹಾಕಿಕೊಂಡು ಶಾಲೆಗೆ ಹೋಗಿದ್ದೆ. ರಜೆ, ಮಕ್ಕಳಿರಲಿಲ್ಲ. ನನ್ನ ತರಗತಿಯ ಬಾಗಿಲು ತೆರೆಸಿ, ಬೋರ್ಡಿನ ಮುಂದೆ ನಿಂತು ಕೈ ಎತ್ತಿದೆ. ಅಂಗಿ ಎದ್ದು ಬರಲಿಲ್ಲ. ಬೋರ್ಡಿನ ನಡುವಿನವರೆಗೆ ಕೈ ಹೋಯಿತು, ಮೇಲಿನ ಸಾಲಿಗೆ ಹೋಗಲಿಲ್ಲ. ನಡುವಿನಲ್ಲೇ ಒಂದೆರಡು ಸಾಲು ಬರೆದು ಅಳಿಸಿದೆ. ರಾಜೀನಾಮೆಯನ್ನು ಇನ್ನೂ ಹರಿದಿಲ್ಲ. ಕೊಟ್ಟೂ ಇಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಯಾರೋ ಒಬ್ಬರು ಅಂಗಿಯನ್ನು ನೋಡಿ, “ಈ ಅಲೆ ಹೊಲಿಗೆ ಎಲ್ಲಿ ಹಾಕಿಸಿದ್ರಿ?” ಎಂದು ಕೇಳಿದರು. ನಮ್ಮಮ್ಮ ಹಾಕಿದ್ದು ಎಂದೆ. ಮನೆಗೆ ಬಂದು ಅತ್ತೆ.

ಈಗ ಯಾರಿಗೂ ಹೇಳದ ಒಂದು ಮಾತು. ಮಗಳಿಗೂ ಗೊತ್ತಿಲ್ಲ. ಆ ಜಾಗವನ್ನು ನಾನು ಇನ್ನೂ ನೋಡಿಲ್ಲ. ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚುವಾಗ ಗೋಡೆ ನೋಡಿದೆ. ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ನೀರು ಹಾಕಿಕೊಳ್ಳುತ್ತೇನೆ. ಕೈಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ.

ನೀನು ಬಾ. ಬೈಯುವುದಿದ್ದರೆ ಬೈದುಕೊಂಡೇ ಬಾ. ಮೊದಲು ನೀನು ನೋಡು. ಆಮೇಲೆ ನಾನು ನೋಡುತ್ತೇನೆ.

ನಿನ್ನ ಮಗಳು